ಹೊಟ್ಟೆಬಾಕ ಗುಂಡಿಯ ಹಸಿರು

ನಮ್ಮಣ್ಣನಿಗೂ ನನಗೂ ಜಗಳ ಹೊಸದೇನಲ್ಲ. ಅವನು ಎಡ ಅಂದರೆ ನಾನು ಬಲ ಅನ್ನುವವಳು. ನಾನು ಬಲ ಅಂದೆನೆಂದು ಗೊತ್ತಾದರೆ ಅವನು ಹಟಕ್ಕೆ ಇನ್ನೂ ನಾಲ್ಕು ಹೆಜ್ಜೆ ಎಡಕ್ಕೆ ಹೋಗುವವನು. ಆದರೆ ಈ ಸಲದ ಜಗಳ ಮನೆಯೊಳಗೆ ಮುಗಿಯುವಂಥದ್ದಾಗಿರಲಿಲ್ಲ. ಅದು ಇಡೀ ಊರು ಕುಡಿಯುವ ನೀರಿನ ಜಗಳ.

ನಾನು ಒರತೆಮನೆಯವಳು. ಊರಲ್ಲಿ ಹಾಗಂದರೆ ಎಲ್ಲರಿಗೂ ತಿಳಿಯುತ್ತದೆ, ನಿಮಗೆ ಹೇಳಬೇಕು. ಗುಡ್ಡದ ಬುಡದಲ್ಲಿ ಬಂಡೆ ಸೀಳಿಕೊಂಡು ನೀರು ಬರುತ್ತದೆ. ಅದರ ಮೇಲೆ ಹಳಬರು ಒಂದು ಕಲ್ಲಿನ ಕೋಣೆ ಕಟ್ಟಿದ್ದಾರೆ. ಒಳಗೆ ಬಂಡೆಯ ಬಾಯಿ, ಅದರ ಕೆಳಗೆ ತೊಟ್ಟಿ, ತೊಟ್ಟಿಯಿಂದ ದಪ್ಪನೆಯ ಪೈಪು, ಪೈಪಿಗೆ ಚಕ್ರದ ವಾಲ್ವು. ಪೈಪು ಇಳಿಜಾರಿನಲ್ಲಿ ಹೋಗಿ ಊರಿನ ದೊಡ್ಡ ಟ್ಯಾಂಕಿಗೆ ಸೇರುತ್ತದೆ. ಹೆಚ್ಚಾದ ನೀರು ಕೋಣೆಯ ಹೊರಗಿನ ಬಾನಿಗೆ ಬಿದ್ದು ಹಳ್ಳಕ್ಕೆ ಹರಿಯುತ್ತದೆ. ತೊಟ್ಟಿ ಉಜ್ಜುವುದು, ಪೈಪಿನ ಬಾಯಿಯ ಜಾಲರಿಯಿಂದ ಕಸ ಬಿಡಿಸುವುದು, ವಾಲ್ವು ತಿರುಗಿಸುವುದು, ಬೇಲಿಯೊಳಗೆ ದನ ನುಗ್ಗಿದರೆ ಅಟ್ಟುವುದು, ಎಲ್ಲ ನನ್ನದೇ. ನನಗಿಂತ ಮೊದಲು ಇದೇ ಕೆಲಸ ನಮ್ಮಪ್ಪ ಮಾಡುತ್ತಿದ್ದ. ಅವನ ಕಾಲದಲ್ಲೇ ನಮ್ಮ ಮನೆಗೆ ಪೈಪಿನಿಂದ ನೇರವಾಗಿ ಒಂದು ನಲ್ಲಿ ಕೊಟ್ಟಿದ್ದರು. ಟ್ಯಾಂಕಿಗೆ ಹೋಗುವ ಮೊದಲೇ ನೀರು ಸಿಗುವ ಮನೆ ಊರಿಗೆಲ್ಲ ಅದೊಂದೇ. ಈಗ ಅಲ್ಲಿ ಅಣ್ಣ, ಅತ್ತಿಗೆ, ಅವರ ಪುಟ್ಟ ಮೊಮ್ಮಗಳು ಇದ್ದಾರೆ.

ಅಣ್ಣ ಲಾರಿ ಮೆಕ್ಯಾನಿಕ್ಕು. ಒಳ್ಳೆಯ ಕೈ. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾನೆ. ಬಹಳ ವರ್ಷಗಳಿಂದ ಇಕ್ಕಟ್ಟಾದ ಬೀದಿಯಲ್ಲಿ ಬೆನ್ನು ಬಗ್ಗಿಸಿ ದುಡಿದವನು. ಗುಡ್ಡದ ಆಚೆ ಮಗ್ಗುಲಿನ ಬಯಲಲ್ಲಿ ದೊಡ್ಡ ಶೆಡ್ಡು ಹಾಕಿ, ಲಾರಿ ತೊಳೆಯುವ, ಎಣ್ಣೆ ಬದಲಿಸುವ ಕೆಲಸ ಶುರು ಮಾಡಬೇಕು ಅನ್ನುವುದು ಅವನ ಕನಸು. ಇದ್ದಬದ್ದದ್ದನ್ನೆಲ್ಲ ಅಲ್ಲೇ ಸುರಿದ. ಶೆಡ್ಡು ಎದ್ದು ನಿಂತಿತು. ನನಗೂ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ತಕರಾರು ಇದ್ದದ್ದು ಶೆಡ್ಡಿನ ಹಿಂದಿನ ಗುಂಡಿಯದು. ನೆಲ ಒಳಗೆ ಕುಸಿದು ಆದ ಕಲ್ಲುಗುಂಡಿ. ಎಷ್ಟು ಮಳೆ ಬಂದರೂ ಗಟಗಟ ಕುಡಿದು ಬಾಯಿ ತೆರೆದುಕೊಂಡೇ ಇರುತ್ತದೆ. ಅದಕ್ಕೇ ಎಲ್ಲರೂ ಅದನ್ನು ಹೊಟ್ಟೆಬಾಕ ಅನ್ನುತ್ತಾರೆ. ಅಣ್ಣನಿಗೆ ಅದನ್ನು ಕಂಡು ಬಲು ಖುಷಿ.

"ದೇವ್ರು ಕೊಟ್ಟ ಚರಂಡಿ ಕಣೇ ಇದು! ತೊಳೆದ ನೀರು, ಸುಟ್ಟ ಎಣ್ಣೆ, ಏನು ಹಾಕಿದ್ರೂ ಕೇಳೋದಿಲ್ಲ," ಅಂದ.

"ನುಂಗಿದ್ದನ್ನ ಎಲ್ಲಿ ಕಕ್ಕುತ್ತೆ ಅಂತ ಗೊತ್ತಾ ನಿಂಗೆ?" ಅಂದೆ.

"ಆಚೆ ಹಳ್ಳದಲ್ಲಿ. ನೆಲ ಆ ಕಡೆ ತಾನೇ ಇಳಿದಿರೋದು? ಕಣ್ಣಿಲ್ವಾ?"

ಕಣ್ಣು ಇತ್ತು. ಅದಕ್ಕೇ ತಾನೇ ಜಗಳ. ಅವನ ಶೆಡ್ಡಿನ ಬಡಗಿಗಳು ಗರಗಸದ ಹೊಟ್ಟನ್ನೆಲ್ಲ ಗುಡಿಸಿ ಆ ಗುಂಡಿಗೆ ತಳ್ಳಿದ್ದರು. ಆಮೇಲೊಂದು ದಿನ ಆಚೆ ಮಗ್ಗುಲಿಗೆ ಮಾತ್ರ ಜೋರು ಮಳೆ ಹೊಡೆಯಿತು, ಈಚೆ ಒಂದು ಹನಿಯೂ ಇಲ್ಲ. ಮರುದಿನ ನನ್ನ ಜಾಲರಿಯ ತುಂಬ ಹೊಟ್ಟು! ಮುಷ್ಟಿಯಲ್ಲಿ ಹಿಡಿದುಕೊಂಡು ಅಣ್ಣನ ಮುಂದೆ ಹಿಡಿದೆ. "ಮರದ ಹೊಟ್ಟು ಎಲ್ಲಿಂದ ಬೇಕಾದ್ರೂ ಬರುತ್ತೆ. ನಿಂಗೆ ನನ್ನ ಶೆಡ್ಡು ಕಂಡ್ರೆ ಹೊಟ್ಟೆಕಿಚ್ಚು," ಅಂದುಬಿಟ್ಟ. ನನ್ನ ಮೈ ಉರಿದುಹೋಯಿತು. ಅಲ್ಲಿಂದ ನೆಟ್ಟಗೆ ನೀರಿನ ಆಫೀಸಿಗೆ ನಡೆದೆ.

ಅಲ್ಲಿ ಎಂಜಿನಿಯರಮ್ಮ ಇದ್ದರು. ಸಣ್ಣ ವಯಸ್ಸು, ಮಾತು ಕಮ್ಮಿ, ಕಿವಿ ಚುರುಕು. ಅವರ ಕೋಣೆಯ ಗೋಡೆಯ ಮೇಲೆ ಗುಡ್ಡದ ನಕ್ಷೆ, ನಕ್ಷೆಯಲ್ಲಿ ಗುಡ್ಡದ ನೆತ್ತಿಗುಂಟ ಒಂದು ಕೆಂಪು ಗೆರೆ. ಗೆರೆಯ ಈಚೆ ಬಿದ್ದ ಮಳೆ ನಮ್ಮ ಒರತೆಗೆ, ಆಚೆ ಬಿದ್ದದ್ದು ಆಚೆಯ ಹಳ್ಳಕ್ಕೆ. ಗೆರೆಯ ಈಚೆ ಕಸ ಹಾಕುವಂತಿಲ್ಲ, ಎಣ್ಣೆ ಚೆಲ್ಲುವಂತಿಲ್ಲ. ಅಣ್ಣನ ಶೆಡ್ಡು ಇದ್ದದ್ದು ಗೆರೆಯ ಆಚೆ.

"ಗೆರೆ ಎಳೆದಿರೋದು ಮೇಲಿನ ನೆಲ ನೋಡಿ," ಅಂದರು ಎಂಜಿನಿಯರಮ್ಮ. "ಒಳಗಿನ ಕಲ್ಲು ನಮ್ಮ ಗೆರೆ ಕೇಳ್ಕೊಂಡು ನೀರು ಬಿಡುತ್ತಾ? ನೀವು ಹೇಳೋದು ನಿಜ ಇರಬಹುದು. ಆದ್ರೆ ಇರಬಹುದು ಅಂತ ಹೇಳಿ ನಾನು ಯಾರನ್ನೂ ತಡೆಯೋಕಾಗಲ್ಲ. ತೋರಿಸಬೇಕು." ಕಪಾಟಿನಿಂದ ಒಂದು ಚಿಟಿಕೆ ಕೆಂಪು ಪುಡಿ ತೆಗೆದು ಗಾಜಿನ ಲೋಟದ ನೀರಿಗೆ ಉದುರಿಸಿದರು. ಅಬ್ಬಬ್ಬಾ! ಕೆಂಪು ಪುಡಿ ನೀರಿಗೆ ತಾಗಿದ್ದೇ ತಡ, ಲೋಟದ ತುಂಬ ಮಿರಿಮಿರಿ ಹಸಿರು. ನಾನು ಕುರ್ಚಿ ಬಿಟ್ಟು ಎದ್ದೇ ನಿಂತೆ. ಕುಡಿದರೂ ಏನೂ ಆಗದ ಬಣ್ಣವಂತೆ. ಅದನ್ನು ನೀರಿನ ಜೊತೆ ಹೊಟ್ಟೆಬಾಕನಿಗೆ ಕುಡಿಸಿ, ಒರತೆಯಲ್ಲಿ ಬರುತ್ತದಾ ನೋಡುವುದು. ಬಂದರೆ ಕೆಂಪು ಗೆರೆ ಶೆಡ್ಡಿನ ಆಚೆಗೆ ಸರಿಯುತ್ತದೆ, ಗುಂಡಿಗೆ ಬೇಲಿ ಬೀಳುತ್ತದೆ. ಬರದಿದ್ದರೆ ನಾನು ಬಾಯಿಗೆ ಬೀಗ ಹಾಕಿಕೊಳ್ಳಬೇಕು.

ಅಣ್ಣನನ್ನು ಕರೆಸಿದರು. ಅವನು ಎದೆ ಉಬ್ಬಿಸಿ ಒಪ್ಪಿಕೊಂಡ. "ನಾನೇ ಸುರೀತೀನಿ ನನ್ನ ಕೈಯಾರೆ. ಆಮೇಲೆ ಮೋಸ ಗೀಸ ಅಂತ ಯಾರೂ ಅನ್ನಬಾರ್ದು. ಆದ್ರೆ ಮೂರನೇ ದಿನ ಬೆಳಿಗ್ಗೆ ನನ್ನ ಶೆಡ್ಡು ಶುರು, ಎಲ್ಲರನ್ನೂ ಕರೆದಾಗಿದೆ. ಅಷ್ಟರೊಳಗೆ ಬಂದ್ರೆ ಬಂತು."

ಎಂಜಿನಿಯರಮ್ಮ ಇನ್ನಷ್ಟು ದಿನ ಕೇಳಿದರು, ಅವನು ಜಗ್ಗಲಿಲ್ಲ. ಕೊನೆಗೆ ಅವರು ಬೆರಳೆತ್ತಿ ಒಂದು ಕಟ್ಟುಪಾಡು ಹೇಳಿದರು. ಬಣ್ಣ ಸುರಿದವರು ಒರತೆಯ ಹತ್ತಿರ ಸುಳಿಯಬಾರದು. ಒರತೆ ಕಾಯುವವರನ್ನು ಮುಟ್ಟಲೂ ಬಾರದು. ಉಗುರಿನ ಸಂದಿಯಲ್ಲಿ ಒಂದು ಕಣ ಉಳಿದಿದ್ದರೂ ಸಾಕು, ಎಲ್ಲ ಹಾಳು.

"ಇವಳ ಮುಖ ನೋಡ್ದೆ ಇರೋದಕ್ಕೆ ಕಟ್ಟುಪಾಡು ಬೇರೆ ಬೇಕಾ?" ಅಂತ ಅಣ್ಣ ಹಲ್ಲುಕಿರಿದ. ಎಂಜಿನಿಯರಮ್ಮ ಬಣ್ಣದ ಡಬ್ಬಿ ಕೊಟ್ಟು, ಅದರಲ್ಲಿ ಒಂದು ಲೋಟ ಮಾತ್ರ ಸುರಿಯಬೇಕು, ಉಳಿದದ್ದು ವಾಪಸ್ ತರಬೇಕು ಅಂದರು. ಕಣ್ಣಿಗೆ ಕಂಡೂ ಕಾಣದ ಹಾಗೆ ಬಂದರೆ ಸಾಕಂತೆ, ಮಿಕ್ಕದ್ದನ್ನು ಅವರ ಯಂತ್ರ ಹೇಳುತ್ತದಂತೆ.

ಅಣ್ಣ ಬಣ್ಣ ಸುರಿದ ಹೊತ್ತಿನಿಂದ ನಾನೂ ಎಂಜಿನಿಯರಮ್ಮನೂ ಒರತೆಮನೆಯಲ್ಲೇ ಠಿಕಾಣಿ ಹೂಡಿದೆವು. ಒಳಗೆ ಕತ್ತಲೆ, ಬಣ್ಣ ಕಾಣುವುದಿಲ್ಲ ಅಂತ ಹೊರಗಿನ ಬಾನಿಯಲ್ಲಿ ನೀರು ಬೀಳುವ ಜಾಗಕ್ಕೇ ಒಂದು ಬಿಳಿ ಬೋಗುಣಿ ಇಟ್ಟೆವು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ನೀರು ನೀರಿನ ಹಾಗೇ ಇತ್ತು. ಎಲೆಯ ನೆರಳು ಬಿದ್ದರೂ ಹಸಿರು ಕಂಡಂತಾಗಿ ಹಾರಿ ಬೀಳುತ್ತಿದ್ದೆ. ಅಣ್ಣ ಆಗಾಗ ಫೋನು ಮಾಡಿ ರೇಗಿಸುತ್ತಿದ್ದ.

"ಏನಮ್ಮಾ, ಬಂತಾ ನಿನ್ನ ಹಸಿರು?"

"ಬರುತ್ತೆ, ಬರುತ್ತೆ. ನೀನು ಬೇಲಿಗೆ ಕಂಬ ತಂದಿಟ್ಕೋ."

"ಕಂಬ ಬೇಡ, ಶುರುವಿನ ದಿನ ರಿಬ್ಬನ್ ಕತ್ತರಿಸೋಕೆ ಬಾ. ಕತ್ತರಿ ನಿನ್ನ ಕೈಗೇ ಕೊಡ್ತೀನಿ."

ಮೊದಲ ದಿನ ಹಾಗೇ ಹೋಯಿತು. ಎರಡನೇ ದಿನ ಮಧ್ಯಾಹ್ನ ಎಂಜಿನಿಯರಮ್ಮ ಖಾಲಿ ಸೀಸೆಗಳನ್ನು ತರಲು ಆಫೀಸಿಗೆ ಹೋದರು. ಅದೇ ಹೊತ್ತಿಗೆ ಅತ್ತಿಗೆ ಊಟದ ಡಬ್ಬಿ ಹಿಡಿದು ಬಂದಳು. ಅಣ್ಣ ತಂಗಿ ಎಷ್ಟು ಕಿತ್ತಾಡಿದರೂ ಅತ್ತಿಗೆಯ ಕೈ ಊಟ ನನಗೆ ತಪ್ಪಿದ್ದಿಲ್ಲ. "ಇಬ್ರೂ ಒಂದೇ ಅಚ್ಚು ನೀವು. ಮನೇಲೂ ಅದೇ ಮಾತು, ಇಲ್ಲೂ ಅದೇ ಮಾತು," ಅಂತ ಬೈದು, ಮೊಮ್ಮಗಳು ಎದ್ದಿರುತ್ತಾಳೆ ಅಂತ ಓಡಿದಳು. ನಾನು ಉಂಡು, ಬಾನಿಯ ಅಂಚಿನಲ್ಲಿ ಡಬ್ಬಿ ತೊಳೆದು, ಜಾಲರಿ ನೋಡಲು ಒಳಗೆ ಹೋದೆ. ಹೊರಗೆ ಬಂದು ಬೋಗುಣಿ ನೋಡುತ್ತೇನೆ...

ಹಸಿರು!

ಅಯ್ಯೋ, ನಾನು ಕುಣಿದಾಡಿಬಿಟ್ಟೆ. ಈ ವಯಸ್ಸಿನಲ್ಲಿ, ಆ ಪಾಚಿಗಲ್ಲಿನ ಮೇಲೆ! ಅಣ್ಣನಿಗೆ ಫೋನು ಹಚ್ಚಿದೆ. "ಬಂತು ಕಣೋ! ಬಂದ್ಬಿಡ್ತು! ಬೋಗುಣಿ ತುಂಬ ಹಸಿರು! ನನಗೆ ಹೊಟ್ಟೆಕಿಚ್ಚು ಅಂದ್ಯಲ್ಲ, ಈಗೇನಂತೀಯಾ?"

ಅವನು ತಿರುಗಿ ಕೂಗಾಡುತ್ತಾನೆ ಅಂದುಕೊಂಡಿದ್ದೆ. ಏನೂ ಇಲ್ಲ. "ನಿಜ್ವಾಗ್ಲೂ ಬಂತಾ?" ಅಂದ. "ಹೂಂ," ಅಂದೆ. "ಸರಿ ಬಿಡು. ಗುಂಡಿಗೆ ಸುರಿಯೋಕೆ ತಂದಿದ್ದ ಸುಟ್ಟೆಣ್ಣೆ ಡ್ರಮ್ಮುಗಳನ್ನ ವಾಪಸ್ ಕಳಿಸ್ತೀನಿ. ಬರೋರಿಗೆಲ್ಲ ಏನಾದ್ರೂ ಹೇಳಿದ್ರಾಯ್ತು," ಅಂದ. ಅಣ್ಣನ ದನಿ ಅಷ್ಟು ಸಣ್ಣಗಾದದ್ದನ್ನು ಅಪ್ಪ ಸತ್ತ ದಿನ ಬಿಟ್ಟರೆ ನಾನು ಕೇಳಿರಲೇ ಇಲ್ಲ.

ಫೋನು ಇಟ್ಟ ಮೇಲೆ ಬಾನಿಯ ಕಡೆ ಮತ್ತೆ ನೋಡಿದೆ. ಬೋಗುಣಿಯ ಹಸಿರು ಆಗಲೇ ತೆಳುವಾಗುತ್ತಿತ್ತು. ಮೇಲಿನಿಂದ ಬೀಳುವ ನೀರು ಮಾತ್ರ ಸ್ವಚ್ಛ. ಬೀಳುವ ನೀರಲ್ಲಿ ಇಲ್ಲದ ಬಣ್ಣ ಬೋಗುಣಿಗೆ ಎಲ್ಲಿಂದ ಬಂತು? ಬಾನಿಯ ಅಂಚಿಗೆ ಅತ್ತಿಗೆ ಡಬ್ಬಿಗೆ ಸುತ್ತಿ ತಂದಿದ್ದ ಟವೆಲ್ಲು ಜೋತುಬಿದ್ದಿತ್ತು. ಅದರ ಒಂದು ಮೂಲೆ ಬೋಗುಣಿಗೆ ಇಳಿದು ತೊಟ್ಟಿಕ್ಕುತ್ತಿತ್ತು. ಒಣಗಿದ್ದ ಕಡೆ ಟೀ ಚೆಲ್ಲಿದಂಥ ಕಂದು ಕಲೆ, ಒದ್ದೆಯಾದ ಕಡೆ ಮಿರಿಮಿರಿ ಹಸಿರು. ಗುಂಡಿಗೆ ಬಣ್ಣ ಸುರಿದು ಮನೆಗೆ ಬಂದ ಅಣ್ಣ ಅದರಲ್ಲೇ ಕೈ ಒರೆಸಿಕೊಂಡಿದ್ದಾನೆ. ಅತ್ತಿಗೆ ಟೀ ಕಲೆ ಅಂದುಕೊಂಡು ಅದನ್ನೇ ಡಬ್ಬಿಗೆ ಸುತ್ತಿದ್ದಾಳೆ. ಅಣ್ಣ ತಂಗಿ ಒಬ್ಬರನ್ನೊಬ್ಬರು ಮುಟ್ಟದ ಹಾಗೆ ನೋಡಿಕೊಂಡೆವು, ನಡುವೆ ಊಟ ಓಡಾಡುವುದನ್ನು ಯಾರೂ ನೆನೆಯಲಿಲ್ಲ!

ಅಲ್ಲಿ ನನ್ನ ಹೊರತು ಒಂದು ನರಪಿಳ್ಳೆಯೂ ಇರಲಿಲ್ಲ. ಟವೆಲ್ಲನ್ನು ಮಡಚಿ ಚೀಲಕ್ಕೆ ತುರುಕಿದರೆ ಮುಗಿಯಿತು. ಗುಂಡಿಗೆ ಬೇಲಿ ಬೀಳುತ್ತದೆ, ನೀರು ಉಳಿಯುತ್ತದೆ. ನಾನು ಹೇಳಿದ್ದು ನಿಜವೇ ತಾನೇ, ಇವತ್ತಲ್ಲ ನಾಳೆ ಒರತೆಯೂ ಅದನ್ನೇ ಹೇಳುತ್ತದೆ ಅಂತ ಮನಸ್ಸು ಪಿಸುಗುಟ್ಟಿತು. ಟವೆಲ್ಲು ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ನಿಂತೆ, ನಿಜ ಹೇಳುತ್ತೇನೆ. ಆದರೆ ಅಣ್ಣನ ಆ ಸಣ್ಣ ದನಿ ಕಿವಿಯಲ್ಲೇ ಕೂತಿತ್ತು. ನನ್ನ ಮಾತು ನಂಬಿ ಅವನು ಕನಸು ಬಿಟ್ಟುಕೊಟ್ಟಿದ್ದ. ಸೋತರೆ ಒರತೆಯ ಕೈಲಿ ಸೋಲಲಿ, ಟವೆಲ್ಲಿನ ಕೈಲಿ ಬೇಡ ಅನ್ನಿಸಿತು.

ಫೋನು ತೆಗೆದು ಎಲ್ಲ ಹೇಳಿದೆ. ಅವನು ಹೊಟ್ಟೆ ಹುಣ್ಣಾಗುವಂತೆ ನಕ್ಕ. "ಟವೆಲ್ಲಾ! ಲೇ, ಟವೆಲ್ಲಾ!" ಪಕ್ಕದಲ್ಲಿದ್ದವರಿಗೂ ಕೂಗಿ ಹೇಳಿದ, ಅವರೂ ನಕ್ಕರು. ಸಂಜೆಯೊಳಗೆ ಊರಿಗೆ ಊರೇ ನಗುತ್ತಿತ್ತು. ಎಂಜಿನಿಯರಮ್ಮ ಬಂದರು. ನಾನು ತಲೆ ತಗ್ಗಿಸಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಬಾನಿ, ಬೋಗುಣಿ, ನನ್ನ ಕೈ ಎಲ್ಲ ಉಜ್ಜಿಸಿ, ಬಂಡೆಯ ಬಾಯಿಯಿಂದಲೇ ಸೀಸೆ ತುಂಬಿ ಯಂತ್ರಕ್ಕಿಟ್ಟು, "ಇಲ್ಲಿಯವರೆಗೂ ಏನೂ ಬಂದಿಲ್ಲ," ಅಂದರು. ಸೀಸೆಗೆ ಬಿರಡೆ ಹಾಕುತ್ತಾ, "ಹೇಳಿದ್ದು ಒಳ್ಳೇದಾಯ್ತು," ಅಂತಲೂ ಅಂದರು.

ಮೂರನೇ ದಿನ ಬೆಳಗಾಯಿತು. ಗುಡ್ಡದಾಚೆಯಿಂದ ಮೈಕಿನ ಸದ್ದು ತೇಲಿ ಬರುತ್ತಿತ್ತು. ಹಳೆಯ ಗ್ಯಾರೇಜಿನಲ್ಲಿ ಕೂಡಿಬಿದ್ದಿದ್ದ ಸುಟ್ಟೆಣ್ಣೆಯ ಡ್ರಮ್ಮುಗಳನ್ನು ಅಣ್ಣ ಗುಂಡಿಯ ಬಾಯಿಗೆ ಸಾಲಾಗಿ ನಿಲ್ಲಿಸಿದ್ದಾನೆ, ಮೊದಲ ಲಾರಿ ತೊಳೆಯುವ ಮುಂಚೆ ಅವನ್ನೆಲ್ಲ ಹೊಟ್ಟೆಬಾಕನಿಗೆ ಉಣಿಸುತ್ತಾನಂತೆ ಅಂತ ಸುದ್ದಿ. ಎಂಜಿನಿಯರಮ್ಮ ಗಡಿಯಾರ ನೋಡಿದರು. ನಾನು ಬಂಡೆಯ ಬಾಯಿಗೆ ಟಾರ್ಚು ಹಿಡಿದು, "ಏನಾದ್ರೂ ಹೇಳೇ ತಾಯಿ, ಈಗಲಾದ್ರೂ ಬಾಯಿ ಬಿಡು," ಅಂತ ನೀರಿಗೇ ಗೋಗರೆದೆ.

ಆಗ ಟಾರ್ಚಿನ ಬೆಳಕಿನಲ್ಲಿ ಬಂಡೆಯ ಎಡಮೂಲೆಯಿಂದ ಒಂದು ಎಳೆ ಬಂತು. ದಾರದಷ್ಟು. ನಾನು ಕಣ್ಣುಜ್ಜಿಕೊಂಡೆ. ದಾರ ಹಗ್ಗವಾಯಿತು. ಹಗ್ಗ ಬಿಚ್ಚಿಕೊಂಡು ಸೀರೆಯಾಯಿತು. ನೋಡುನೋಡುತ್ತಿದ್ದಂತೆ ಬಂಡೆಯ ಬಾಯಿಯೇ ಹಸಿರು, ತೊಟ್ಟಿಯೆಲ್ಲ ಹಸಿರು, ಕತ್ತಲ ಕೋಣೆಯ ಗೋಡೆಯ ಮೇಲೂ ಹಸಿರು ಬೆಳಕು ಕುಣಿಯತೊಡಗಿತು!

"ಮೇಡಂ!" ಅಂತ ಕಿರುಚಿದೆ. ಎಂಜಿನಿಯರಮ್ಮ ಓಡಿಬಂದು ನೋಡಿ, ಇಷ್ಟೊಂದು ಹೇಗೆ ಬಂತು ಅನ್ನುತ್ತಲೇ ವಾಲ್ವಿನ ಚಕ್ರಕ್ಕೆ ಕೈ ಹಾಕಿದರು. "ಟ್ಯಾಂಕಿಗೆ ಹೋಗೋದು ಬೇಡ, ಜನ ಗಾಬರಿಯಾಗ್ತಾರೆ. ನೀವು ಫೋನ್ ಮಾಡಿ, ಮೊದಲು ಫೋನ್ ಮಾಡಿ!" ಅಂದರು. ತುಕ್ಕು ಹಿಡಿದ ಚಕ್ರ ಕಿರ್ರೋ ಅನ್ನುತ್ತಾ ತಿರುಗತೊಡಗಿತು.

ಫೋನು ಹೋಗುತ್ತಿತ್ತು, ಅಣ್ಣ ಎತ್ತಲಿಲ್ಲ. ಮತ್ತೆ ಮಾಡಿದೆ. ಈ ಸಲ ಎತ್ತಿದ. ಹಿಂದೆ ಜನರ ಗದ್ದಲ, ಡ್ರಮ್ಮು ಕಲ್ಲಿಗೆ ಉಜ್ಜುವ ಸದ್ದು, ಯಾರೋ "ಬಗ್ಗಿಸ್ರೋ, ಬಗ್ಗಿಸ್ರೋ" ಅನ್ನುತ್ತಿದ್ದರು.

"ಅಣ್ಣಾ, ಸುರೀಬೇಡ! ಬಂತು! ಬಂಡೆಯ ಬಾಯಿಂದಲೇ ಬಂತು, ತೊಟ್ಟಿ ತುಂಬ ಹಸಿರು! ನಿನ್ನ ಕಾಲಿಗೆ ಬೀಳ್ತೀನಿ, ಸುರೀಬೇಡ ಕಣೋ!"

ನನ್ನ ದನಿ ಫೋನಿನಿಂದ ಆಚೆಗೂ ಕೇಳಿಸಿರಬೇಕು. ಅಲ್ಲಿ ಯಾರೋ, "ಇವತ್ತು ಯಾರ ಟವೆಲ್ಲಂತೆ?" ಅಂದರು. ದೊಡ್ಡ ನಗೆ ಎದ್ದಿತು. ನನಗೆ ಅಳುವೇ ಬಂತು. ಬಂದು ನೋಡು ಅನ್ನೋಣವೆಂದರೆ ಅವನು ಬರುವಂತಿಲ್ಲ. ಕಟ್ಟುಪಾಡು ಇನ್ನೂ ಇತ್ತು. ನನ್ನ ಹತ್ತಿರ ಇದ್ದದ್ದು ಬರೀ ಮಾತು. ಆ ಮಾತೋ, ನಿನ್ನೆ ತಾನೇ ಊರ ಬಾಯಲ್ಲಿ ನಗೆಪಾಟಲಾಗಿತ್ತು.

ಅಷ್ಟರಲ್ಲಿ ಅಣ್ಣನ ದನಿ, ನನಗಲ್ಲ, ಅಲ್ಲಿದ್ದವರಿಗೆ, ಗುಡ್ಡ ಬಿರಿಯುವ ಹಾಗೆ.

"ಎತ್ತಿ ನಿಲ್ಸ್ರೋ ಡ್ರಮ್ಮನ್ನ! ಎತ್ರೋ ಅಂದ್ರೆ!"

"ಅಲ್ಲ ಮಾರಾಯ, ನಿನ್ನೆನೂ ಹೀಗೇ ಅಂದಿದ್ಳು..."

"ನಿನ್ನೆ ಗೆದ್ದಿದ್ಳು ಅವಳು. ಗೆದ್ದಿದ್ದನ್ನ ತಾನಾಗೇ ವಾಪಸ್ ಕೊಟ್ಳು. ಅಂಥವಳು ಇವತ್ತು ಹಸಿರು ಅಂದ್ರೆ ಹಸಿರೇ. ಮುಚ್ಚಳ ಹಾಕ್ರೋ, ಒಂದು ತೊಟ್ಟು ಬೀಳಬಾರ್ದು!"

ಮುಚ್ಚಳ ಬಡಿಯುವ ಸದ್ದು ಕೇಳಿಸಿತು. ಟಣ್, ಟಣ್, ಟಣ್. ನಾನು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತು ಗಳಗಳ ಅತ್ತೆ. ಅಳುತ್ತಲೇ ನಗುತ್ತಿದ್ದೆ. ಎಂಜಿನಿಯರಮ್ಮ ಅಷ್ಟರಲ್ಲಿ ಚಕ್ರವನ್ನು ಪೂರ್ತಿ ತಿರುಗಿಸಿ, ಏದುಸಿರು ಬಿಡುತ್ತಾ ಸೀಸೆ ತುಂಬಲು ಓಡಿದರು.

ಫೋನು ಮತ್ತೆ ಬಡಿದುಕೊಂಡಿತು. ಅತ್ತಿಗೆ.

"ಲೇ, ಏನೇ ಇದು! ಮಗೂಗೆ ಸ್ನಾನ ಮಾಡಿಸೋಣ ಅಂತ ನಲ್ಲಿ ಬಿಟ್ರೆ ಹಸಿರು ಬರ್ತಿದೆ! ತಲೆಗೆ ಒಂದು ಚೊಂಬು ಹುಯ್ದೂಬಿಟ್ಟೆ. ಇವಳು ನೋಡಿದ್ರೆ ಕುಣೀತಿದಾಳೆ, ಇನ್ನೊಂದು ಹಾಕು ಅಂತ!"

ವಾಲ್ವು ಮುಚ್ಚುವಷ್ಟರಲ್ಲಿ ಜಾರಿ ಹೋದ ನೀರು ಟ್ಯಾಂಕು ಮುಟ್ಟಿರಲಿಲ್ಲ. ದಾರಿಯಲ್ಲಿದ್ದ ಒಂದೇ ಒಂದು ನಲ್ಲಿಗೆ ಹೋಗಿತ್ತು. ಅಪ್ಪನ ಕಾಲದ ನಲ್ಲಿಗೆ.

ಸ್ವಲ್ಪ ಹೊತ್ತಿಗೆ ಅಣ್ಣ ಬಂದ. ಮೈಮೇಲೆ ಹೊಸ ಅಂಗಿ, ಜೇಬಿನಲ್ಲಿ ರಿಬ್ಬನ್ ಕತ್ತರಿಸಬೇಕಿದ್ದ ಕತ್ತರಿ. ಮನೆಗೆ ಹೋಗಿ ಬಂದಿದ್ದ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನು ಎದ್ದು ಓಡಿದೆ. "ಅಲ್ಲೇ ನಿಲ್ಲು! ಬೇಲಿ ದಾಟಬೇಡ!"

"ದಾಟಲ್ಲ ಕಣೇ," ಅಂದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬೇಲಿಯಾಚೆಯೇ ನಿಂತ, ಮೇಷ್ಟರ ಮುಂದೆ ನಿಂತವನ ಹಾಗೆ.

"ಒಂದು ಲೋಟ ಮಾತ್ರ ಅಂತ ಹೇಳಿದ್ದೆ," ಅಂದರು ಎಂಜಿನಿಯರಮ್ಮ ಒಳಗಿನಿಂದ.

"ಪೂರ್ತಿ ಡಬ್ಬಿ ಸುರಿದೆ, ಮೇಡಂ. ಎಷ್ಟು ಸುರಿದ್ರೂ ಬರಲ್ಲ ಅಂತ ಇವಳಿಗೆ ತೋರಿಸೋಣ ಅಂತ."

ನನಗೆ ನಗು ತಡೆಯಲಾಗಲಿಲ್ಲ. ಅವನೂ ನಗಲು ಹೋದ. ನಗು ಅರ್ಧಕ್ಕೇ ನಿಂತುಹೋಯಿತು. ನೆಲ ನೋಡುತ್ತಾ, "ಬಣ್ಣ ಆಗಿದ್ದಕ್ಕೆ ಕಾಣಿಸ್ತು," ಅಂದ. "ಎಣ್ಣೆ ಒಂದಿಷ್ಟಿಷ್ಟೇ ಸೇರಿದ್ರೆ ಕಾಣಿಸ್ತಿರಲಿಲ್ಲ ಅಲ್ವಾ? ನಿಮ್ಮತ್ತಿಗೆ ಹಾಗೇ ಲೋಟಕ್ಕೆ ಹಿಡಿದು ಮಗು ಕೈಗೆ ಕೊಡ್ತಿದ್ಳು. ದಿನಾ."

ನಾನು ತಿರುಗಿ ಬಾನಿಯ ಕಡೆ ನೋಡಿದೆ. ಹಸಿರು ಇನ್ನೂ ಬೀಳುತ್ತಲೇ ಇತ್ತು.

"ಶೆಡ್ಡು ಏನ್ ಮಾಡ್ತೀಯೋ?" ಅಂತ ಕೇಳಿದೆ.

"ಕಳಚಿ ರಸ್ತೆ ಕಡೆ ಹಾಕ್ತೀನಿ. ತಗಡು ತಾನೇ, ನಟ್ಟು ಬಿಚ್ಚೋಕೆ ನಂಗೆ ಹೇಳಿಕೊಡಬೇಕಾ? ಮೊದಲು ಆ ಹೊಟ್ಟೆಬಾಕನ ಸುತ್ತ ಬೇಲಿ. ಕಂಬ ತಂದಿಟ್ಕೋ ಅಂದಿದ್ಯಲ್ಲ, ನಿನ್ನ ಬಾಯಿ!"

ಎಂಜಿನಿಯರಮ್ಮ ಕೊನೆಯ ಸೀಸೆಗೆ ಬಿರಡೆ ಹಾಕಿ, ಚೀಟಿ ಅಂಟಿಸಿ, ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು. ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಮುಗೀತು. ಈಗ ಬನ್ನಿ ಒಳಗೆ, ನೀವೇ ನಿಮ್ಮ ಕಣ್ಣಾರೆ ನೋಡಿ," ಅಂದರು.

ನಾನು ಗೇಟು ತೆರೆದೆ. ಅಣ್ಣ ಗೇಟಿನವರೆಗೂ ಬಂದವನು ಅಲ್ಲೇ ನಿಂತ. ಬೆನ್ನ ಹಿಂದಿದ್ದ ಕೈಗಳನ್ನು ಮುಂದೆ ತಂದು ನೋಡಿಕೊಂಡ. ಉಗುರಿನ ಸುತ್ತ ಇನ್ನೂ ಆ ಕಂದು ಕಲೆ, ಅದರಡಿ ವರ್ಷಗಟ್ಟಲೆ ಹೋಗದ ಎಣ್ಣೆಯ ಕಪ್ಪು.

"ಇರು," ಅಂದ. "ಬೇರೆ ಕಡೆ ಕೈ ತೊಳ್ಕೊಂಡು ಬರ್ತೀನಿ."